ಅಯ್ನೋರ ಸೈಕಲ್ಲಿನ ಸದ್ದು

ಗೆಟ್ಟವಾಡಿಯ ಬಾಳೆತೋಟಗಳು ಶುರುವಾಗುವ ತಿರುವಿನಲ್ಲಿ ರುದ್ರಸ್ವಾಮಿ ಮೋಟರು ಆರಿಸಿ ಸೈಕಲ್ಲಿನಿಂದ ಇಳಿದ. ಇಳಿದ ಕೂಡಲೇ ಎಡ ಮಂಡಿಯೊಳಗೆ ಏನೋ ಕಟಕ್ಕೆಂದಿತು. ಥೂ, ಇದರ ಹಣೆಬರಹಕ್ಕಿಷ್ಟು ಬೆಂಕಿ ಹಾಕ, ಎಂದು ಬೈದ. ಬೈದದ್ದು ಮಂಡಿಗೋ ಮೋಟರಿಗೋ ಅವನಿಗೇ ಗೊತ್ತಾಗಲಿಲ್ಲ. ಇಲ್ಲಿಂದ ಗೆಳೆಯ ಶಿವಮಲ್ಲಪ್ಪನ ಮನೆಯವರೆಗೆ ಏರು. ದಿಂಬಂ ಘಾಟಿ ಹತ್ತಿ ಇಳಿದವರಿಗೆ ಇದು ಏರೇ ಅಲ್ಲ. ಆದರೆ ಇಂಜಿನ್ನು, ಪೆಟ್ರೋಲು ಟ್ಯಾಂಕು, ಸೈಲೆನ್ಸರು, ಎರಡೆರಡು ಚೈನು ಹೊತ್ತ ಹಳೇ ರ‍್ಯಾಲಿ ಸೈಕಲ್ಲನ್ನು ಕೈಯಿಂದ ತಳ್ಳುವವನಿಗೆ ಅದು ಬೆಟ್ಟವೇ. ದಾರಿಯಲ್ಲಿ ಸಿಕ್ಕವರು “ಯಾಕ ಅಯ್ನೋರೇ, ಪೆಟ್ರೋಲ್ ಮುಗೀತಾ?” ಎಂದು ಕೇಳುತ್ತಾರೆ. ಅವನು ಹೂಂ ಅನ್ನುತ್ತಾನೆ. ಬದುಕಿನಲ್ಲಿ ಸುಳ್ಳೇ ಹೇಳಿಲ್ಲ ಎಂದೇನೂ ಅಲ್ಲ. ಆದರೂ ಹಣೆಯ ತುಂಬ ವಿಭೂತಿ ಬಳಿದುಕೊಂಡು, ದಿನ ಬಿಟ್ಟು ದಿನ, ಅದೇ ಜಾಗದಲ್ಲಿ, ಅದೇ ಸುಳ್ಳು. ಹೋದ ವಾರ ಟೊಮೆಟೊ ಕೀಳುತ್ತಿದ್ದವನೊಬ್ಬ ಪಾಪ ಓಡಿಬಂದು, ತನ್ನ ಬೈಕಿನಿಂದ ಬಾಟಲಿಗೆ ಪೆಟ್ರೋಲು ಇಳಿಸಿ, ಬೇಡ ಬೇಡ ಅಂದರೂ ಕೇಳದೆ ಟ್ಯಾಂಕಿನ ಮುಚ್ಚಳ ತೆಗೆದು ಸುರಿದೇಬಿಟ್ಟ. ಟ್ಯಾಂಕು ತುಂಬಿತ್ತು. ಉಕ್ಕಿದ ಪೆಟ್ರೋಲು ರುದ್ರಸ್ವಾಮಿಯ ಪಂಚೆಯ ಮೇಲೆ ಚೆಲ್ಲಿತು. ಆ ಮನುಷ್ಯ ಟ್ಯಾಂಕನ್ನೊಮ್ಮೆ, ಅಯ್ನೋರ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ಬಾಟಲಿ ತೆಗೆದುಕೊಂಡು ಹೋದ.

ಕೇಳಿದ್ದರೆ ಏನು ಹೇಳುತ್ತಿದ್ದೆ? ನನ್ನ ಗೆಳೆಯ ಮಲಗಿದ್ದಾನೆ, ಈ ಸದ್ದು ಕೇಳಿದರೆ ಅವನ ಜೀವ ಹಾರುತ್ತದೆ, ಅದಕ್ಕೆ ತಳ್ಳುತ್ತಿದ್ದೇನೆ ಎಂದು ಹೇಳಬಹುದಿತ್ತೇ? ಹೇಳಿದ್ದರೂ ಅವನಿಗೆ ಅರ್ಥವಾಗದೆ ಇರುತ್ತಿರಲಿಲ್ಲ. ತಮಿಳುನಾಡಿಗೆ ಸೇರಿದ ಈ ಗಡಿ ಬಯಲಿನಲ್ಲಿ ಆ ಸದ್ದು ಏನೆಂದು ಗೊತ್ತಿಲ್ಲದವರು ಯಾರಿದ್ದಾರೆ.

ರುದ್ರಸ್ವಾಮಿಯ ಮನೆತನ ಸುತ್ತಲಿನ ಊರುಗಳ ಲಿಂಗವಂತರಿಗೆ ಅಯ್ನೋರ ಮನೆತನ. ಮದುವೆಗೆ, ಮನೆ ಒಕ್ಕಲಿಗೆ, ಮಗುವಿಗೆ ಲಿಂಗ ಕಟ್ಟುವುದಕ್ಕೆ ಈಗ ಚಾಮರಾಜನಗರದ ಕಡೆಯಿಂದ ಕಾರಿನಲ್ಲಿ ಬಂದು, ಮೈಕಿನಲ್ಲಿ ಮಂತ್ರ ಹೇಳಿ, ಊಟ ಮಾಡಿ ಹೋಗುವವರಿದ್ದಾರೆ. ಸಾವಿಗೆ ಮಾತ್ರ ಇವನೇ ಬೇಕು. ಸಾಯುವವರ ಉಸಿರು ಇನ್ನೂ ಇರುವಾಗಲೇ ಅಯ್ನೋರು ಹೋಗಿ ಹಣೆಗೆ ವಿಭೂತಿ ಹಚ್ಚಬೇಕು, ಬಾಯಿಗೆ ತೀರ್ಥ ಬಿಡಬೇಕು, ಅವರು ತಮ್ಮ ಕೈಯಾರೆ ಕೊಡುವ ವೀಳ್ಯ ತೆಗೆದುಕೊಳ್ಳಬೇಕು. ಬದುಕಿರುವ ಕೈ ಕೊಟ್ಟ ವೀಳ್ಯ ಅದು. ಕೊಟ್ಟವರು ನೆಮ್ಮದಿಯಾಗಿ ಹೋಗುತ್ತಾರೆ. ಇದಕ್ಕೊಂದು ಕಟ್ಟು ಬೇರೆ ಇದೆ: ಆ ಮನೆಗೆ ಅಯ್ಯ ತನ್ನ ಕಾಲಿನ ಮೇಲೆಯೇ ಹೋಗಬೇಕು, ಯಾರ ಗಾಡಿಯನ್ನೂ ಹತ್ತಬಾರದು. ಹತ್ತಿದರೆ ಸಾವನ್ನು ಅವರ ಗಾಡಿಯಲ್ಲಿ ಕೂರಿಸಿದ ಹಾಗೆ ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಈ ರ‍್ಯಾಲಿ ತಂದಾಗ ಹಿರಿಯರು ಜಗಲಿಯ ಮೇಲೆ ಕೂತು ಒಂದು ಮಧ್ಯಾಹ್ನವೆಲ್ಲ ವಾದ ಮಾಡಿ, ತುಳಿಯದೆ ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ ಸೈಕಲ್ಲೂ ಕಾಲೇ ಎಂದು ತೀರ್ಮಾನ ಕೊಟ್ಟಿದ್ದರಂತೆ. ಅಪ್ಪ ತುಳಿದ, ಆಮೇಲೆ ಇವನು ತುಳಿದ. ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತಾಗಲೇ ಅಯ್ನೋರು ಬಂದದ್ದು ಜನಕ್ಕೆ ತಿಳಿಯುತ್ತಿತ್ತು.

ಮಂಡಿಗಳು ಕೈಕೊಟ್ಟದ್ದು ಮಂಗಳಮ್ಮನ ಸಾವಿನ ಹೊತ್ತಿಗೆ. ಆ ಮುದುಕಿ ವೀಳ್ಯದೆಲೆ ಹಿಡಿದುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದಳಂತೆ. ಇವನು ಹಳ್ಳದ ಹತ್ತಿರ ಸೈಕಲ್ಲಿಂದ ಇಳಿದು ಮಂಡಿ ನೀವಿಕೊಳ್ಳುತ್ತ ಕೂತಿದ್ದ. ಹೋದಾಗ ಎಲ್ಲ ಮುಗಿದಿತ್ತು. ಅವಳ ಮಕ್ಕಳು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಹಿರಿಯವನು ಟವಲು ಹೆಗಲಿಗೆ ಹಾಕಿಕೊಂಡು, “ಎತ್ಗೆ ವಯಸ್ಸಾದ್ರ ಸಂತಗೆ ಹೊಡೀತೀವಿ, ಅಯ್ನೋರ್ಗೆ ವಯಸ್ಸಾದ್ರ ಏನ್ ಮಾಡದಪ್ಪಾ?” ಅಂದ. ಸಾವಿನ ಮನೆಯಲ್ಲೂ ಇಬ್ಬರು ಮೂವರು ಕಿಸಕ್ಕೆಂದರು. ರುದ್ರಸ್ವಾಮಿಯೂ ನಕ್ಕ. ಯಾಕೆ ನಕ್ಕೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾನೆ.

ಆ ಮಾತು ಕೇಳಿಸಿಕೊಂಡವರಲ್ಲಿ ಶಿವಮಲ್ಲಪ್ಪನ ಮಗ ನಟರಾಜನೂ ಇದ್ದ. ಬಾಳೆ ಲೋಡಿನ ಜೊತೆ ಕೊಯಮತ್ತೂರಿಗೆ ಹೋದವನು ವಾಪಸು ಬರುವಾಗ ಒಂದು ರಟ್ಟಿನ ಪೆಟ್ಟಿಗೆ ತಂದು ಇವನ ಜಗಲಿಯ ಮೇಲಿಟ್ಟ. “ಸೈಕಲ್ಗೆ ಆಕ ಮೋಟ್ರು ಅಯ್ನೋರೇ. ಪೆಡ್ಲೂ ಇರ್ತದ, ಮೋಟ್ರೂ ಇರ್ತದ. ನಿಮ್ ಕಟ್ಟೂ ಮುರಿಯಲ್ಲ, ಮಂಡೀನೂ ಮುರಿಯಲ್ಲ.” ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮಣಿಕಂಠ ಅದನ್ನು ಕೂರಿಸುವುದಕ್ಕೆ ಇಡೀ ದಿನ ತೆಗೆದುಕೊಂಡ. ಹಳೇ ಸೈಕಲ್ಲಿನ ಕೊಳವೆ ಸಣ್ಣದು, ಮೋಟರಿನ ಹಿಡಿಕೆ ದೊಡ್ಡದು. ಟ್ಯೂಬು ಕತ್ತರಿಸಿ ಕೊಳವೆಗೆ ಸುತ್ತಿ ಬಿಗಿ ಮಾಡಿದ. ಹಿಂಚಕ್ರದ ಕಡ್ಡಿಗಳಿಗೆ ರಬ್ಬರು ಬಿಲ್ಲೆ ಕೊಟ್ಟು ಹಲ್ಲುಚಕ್ರ ಕಟ್ಟಿದ. ಈ ಬೋಲ್ಟು ಬಿಗಿಯಾದರೆ ಎದುರಿನದು ಸಡಿಲ, ತಿರುಗಿಸಿದರೆ ಚಕ್ರ ಕುಡಿದವನ ಹಾಗೆ ತೂರಾಡುತ್ತಿತ್ತು. ಪೆಡಲಿನ ದಂಡ ಇಂಜಿನ್ನಿನ ಹೊಟ್ಟೆಗೆ ಬಡಿಯುತ್ತಿತ್ತು. ಅದನ್ನು ಕಾಯಿಸಿ ಹೊರಕ್ಕೆ ಬಗ್ಗಿಸಿದ. ಅಪ್ಪ ಸೋಮವಾರ ಸೋಮವಾರ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದ ಆ ಕಪ್ಪು ಕೊಳವೆಯ ಮೇಲೆ ಉಕ್ಕಿನ ಹಿಡಿಕೆ ಕಚ್ಚಿಕೊಳ್ಳುವುದನ್ನು ನೋಡಲಾಗದೆ ರುದ್ರಸ್ವಾಮಿ ಟೀ ಕುಡಿಯುವ ನೆವದಲ್ಲಿ ಎದ್ದು ಹೋದ. ಸಂಜೆ ಮಣಿಕಂಠ ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿಕೊಟ್ಟ. “ಮೊದಲು ತುಳೀಂಗ ಸಾಮಿ. ಓಟ ಬಂದ ಮೇಲೆ ಎಡಗೈ ಕ್ಲಚ್ಚು ಬಿಡಿ. ಅದೇ ಎತ್ಕೊಳ್ತದೆ.” ಹಾಸನೂರು ಕಡೆಯ ರಸ್ತೆಯಲ್ಲಿ ನಾಲ್ಕು ಸಲ ತುಳಿದು ಕ್ಲಚ್ಚು ಬಿಟ್ಟ. ಸೈಕಲ್ಲು ಒಮ್ಮೆ ಮುಗ್ಗರಿಸಿ, ಕೆಮ್ಮಿ, ತಟತಟತಟ ಎಂದು ಎತ್ತಿಕೊಂಡು ಓಡಿತು. ಕಾಲುಗಳು ಪೆಡಲಿನ ಮೇಲೆ ಸುಮ್ಮನೆ ಕೂತಿದ್ದವು. ನೋವಿಲ್ಲ! ಮೈಗೆ ಗಾಳಿ ಬಡಿಯುತ್ತಿತ್ತು. ಓಹೋಹೋ ಎಂದು ಗಂಟಲು ತಾನಾಗಿ ಕೂಗಿತು. ಆ ರಾತ್ರಿ ಊಟಕ್ಕೆ ಕೂತಾಗ, ಯಾರ ಮನೆಯಿಂದಾದರೂ ಬೇಗ ಕರೆ ಬರಬಾರದೆ ಎಂದು ಒಂದು ಗಳಿಗೆ ಅನ್ನಿಸಿತು. ಥತ್, ಎಂಥ ಪಾಪಿ ಮನಸ್ಸು! ಕೈಯ ತುತ್ತು ತಟ್ಟೆಗೆ ಬಿಟ್ಟು ಎದ್ದುಬಿಟ್ಟಿದ್ದ.

ಇದು ಕಾಲೋ ಗಾಡಿಯೋ ಎಂಬ ಪ್ರಶ್ನೆ ಮತ್ತೆ ಬಂದೇ ಬಂತು. ಈ ಸಲ ತೀರ್ಮಾನ ಹೇಳಿದವನು ಶಿವಮಲ್ಲಪ್ಪ. ಊರಿನ ಎದುರು ಅಯ್ನೋರೇ ಎಂದು ಕಾಲಿಗೆ ಬೀಳುತ್ತಿದ್ದವನು, ಇಬ್ಬರೇ ಇದ್ದಾಗ ಲೋ ರುದ್ರ ಎನ್ನುತ್ತಿದ್ದವನು; ಒಂದೇ ಬೆಂಚಿನಲ್ಲಿ ಕೂತು ಕನ್ನಡವನ್ನೂ ತಮಿಳನ್ನೂ ಒಟ್ಟೊಟ್ಟಿಗೆ ತಪ್ಪು ಬರೆದವನು. “ಪೆಡ್ಲು ಇರಗಂಟ ಅದು ಕಾಲೇ ಕಣ್ರಪ್ಪಾ. ಅಯ್ನೋರು ಕಾಲ್ಗ ವಸಿ ಪೆಟ್ರೋಲ್ ಕುಡ್ಸವ್ರ, ಅಷ್ಟೇಯ,” ಅಂದ. ಜಗಲಿ ಪೂರಾ ನಕ್ಕಿತು. ಮೋಟರು ಬಂದ ಮೇಲೆ ರುದ್ರಸ್ವಾಮಿ ಯಾವ ಮನೆಗೂ ತಡವಾಗಿ ಹೋಗಲಿಲ್ಲ. ಹೋದಲ್ಲೆಲ್ಲ ಬಿಸಿ ಇರುವ ಕೈಯಿಂದಲೇ ವೀಳ್ಯ ಬಂತು. ಆದರೆ ಬರಬರುತ್ತಾ ಇನ್ನೊಂದಾಯಿತು. ಮೊದಲು ಅವನು ಬಂದದ್ದು ಆ ಒಂದು ಮನೆಗೆ ಮಾತ್ರ ತಿಳಿಯುತ್ತಿತ್ತು; ಈಗ ಊರಿಗೆ ಊರೇ ಕಿವಿ ಕೊಟ್ಟು ನಿಲ್ಲುತ್ತಿತ್ತು. “ಯಾರ್ ಮನ್ಗಪ್ಪಾ?” ಎಂದು ಕೇಳುತ್ತಿತ್ತು. ತಾಳವಾಡಿ ಸಂತೆಗೆ ಹೊರಟಾಗಲೂ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತು, ಅವನು ದಾಟಿಹೋದ ಮೇಲೆ ಒಳಗೆ ಹೋಗುತ್ತಿದ್ದರು. ಒಬ್ಬಳು ಅಜ್ಜಿ ಕೈಮುಗಿದು, “ನಮ್ಮನ ಮುಂದ ನಿಲ್ಲುಸ್ಬ್ಯಾಡಿ ನನ್ನಪ್ಪಾ, ಮುಂದ್ಕೋಗಿ,” ಅಂದಳು. ಅವನ ಹೆಂಡತಿಗೆ ಬಾಯಿ ಚುರುಕು. “ಯಮಂಗ ಕೋಣ, ನಿಮ್ಗ ಇದು,” ಎಂದು ನಗುವುದಕ್ಕೆ ಹೋಗಿ ಅರ್ಧದಲ್ಲಿ ನಾಲಗೆ ಕಚ್ಚಿಕೊಂಡಳು.

ಶಿವಮಲ್ಲಪ್ಪನ ಗಂಟಲಲ್ಲಿ ಗಡ್ಡೆ ಕಂಡದ್ದು ಆಮೇಲೆ. ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು, ಇನ್ನು ಮನೆಯಲ್ಲೇ ಇರಿ ಎಂದು ಅಲ್ಲಿನವರು ಮೆತ್ತಗೆ ಹೇಳಿ ಕಳಿಸಿದ ಮೇಲೆ, ಬಂದ ಸುದ್ದಿ ತಿಳಿದದ್ದೇ ತಡ ರುದ್ರಸ್ವಾಮಿ ಹೊರಟಿದ್ದ. ಸಂತೋಷದಲ್ಲಿ ಹೊರಟಿದ್ದ, ಅದೇ ನಾಚಿಕೆಗೇಡು. ಗೆಳೆಯನನ್ನು ನೋಡುವ ಸಂತೋಷ. ತಟತಟತಟ ಎಂದು ಅಂಗಳಕ್ಕೇ ನುಗ್ಗಿಸಿ ನಿಲ್ಲಿಸಿದ. ಪಡಸಾಲೆಯ ಮಂಚದ ಮೇಲೆ ಶಿವಮಲ್ಲಪ್ಪ ಎದ್ದು ಕೂತಿದ್ದ. ಕೈಯಲ್ಲಿದ್ದ ಗಂಜಿಯ ಲೋಟ ಮಡಿಲಿಗೆ ಉರುಳಿತ್ತು. ಬಾಯಿ ತೆರೆದಿತ್ತು. ಅವನು ನೋಡುತ್ತಿದ್ದದ್ದು ಗೆಳೆಯನನ್ನಲ್ಲ, ಬೇರೆ ಯಾರನ್ನೋ. “ಲೋ ಮಲ್ಲ, ನಾನು ಕಣ್ಲಾ,” ಎಂದು ಇವನು ಹೇಳಬೇಕಾಯಿತು. ಆಮೇಲೆ ಅವನು ನಕ್ಕ. ನಕ್ಕರೂ ಮಂಚದ ಪಟ್ಟಿ ಹಿಡಿದ ಕೈ ಎಷ್ಟೋ ಹೊತ್ತು ಬಿಡಲಿಲ್ಲ. ಹೊರಡುವಾಗ ಅವನ ಹೆಂಡತಿ ಗುರುಲಿಂಗಮ್ಮ ಗೇಟಿನ ತನಕ ಬಂದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಅಯ್ನೋರೇ, ತಪ್ಪು ತಿಳ್ಕಬ್ಯಾಡಿ. ನೀವು ಬರ್ಬೇಕು, ಬರ್ದೆ ಇರ್ಬ್ಯಾಡಿ. ಆ ಸಬ್ದ ಒಂದು…” ಎಂದು ನಿಲ್ಲಿಸಿದ್ದಳು. ಅವತ್ತಿನಿಂದ ಈ ತಿರುವು, ಈ ತಳ್ಳಾಟ.

ಏರು ಮುಗಿಸಿ ಗೇಟಿನ ಹತ್ತಿರ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಸೈಕಲ್ಲನ್ನು ಹುಲ್ಲಿನ ಬಣವೆಯ ಮರೆಗೆ ನಿಲ್ಲಿಸಿ, ಉಸಿರು ಸರಿಯಾಗುವ ತನಕ ಕಾದು, ಇದೀಗ ಸುಮ್ಮನೆ ನಡೆದು ಬಂದವನ ಹಾಗೆ ಒಳಗೆ ಹೋದ. ಶಿವಮಲ್ಲಪ್ಪ ದಿಂಬಿಗೆ ಒರಗಿ ಕೂತಿದ್ದ. ಕುತ್ತಿಗೆಗೆ ಸುತ್ತಿದ ಬಟ್ಟೆಯ ಮೇಲೆ ಬಾವು ಎದ್ದಿತ್ತು. ಮುಖ ಮಾತ್ರ ಸಣ್ಣ ಹುಡುಗನದಾಗಿಬಿಟ್ಟಿತ್ತು. ರುದ್ರಸ್ವಾಮಿ ಎಂದಿನಂತೆ ತಮಿಳು ಪೇಪರು ಬಿಡಿಸಿ ಬಾಳೆಯ ಧಾರಣೆ ಓದಿದ. ಸತ್ಯಮಂಗಲದ ಮಾರುಕಟ್ಟೆಯಲ್ಲಿ ನೇಂದ್ರನ್ ಇಳಿದಿದೆ, ಕದಳಿ ಏರಿದೆ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಇನ್ನು ಮಾರುವುದಕ್ಕೆ ಅವನಿಗೆ ಬಾಳೆಯೂ ಬೇಡ, ಬೆಲೆಯೂ ಬೇಡ. ಆದರೆ ಓದು ನಿಲ್ಲಿಸಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತಿತ್ತು. ಓದುತ್ತಲೇ ಇದ್ದ. ಶಿವಮಲ್ಲಪ್ಪ ಕಣ್ಣು ತೆರೆಯದೆ, ಗಾಳಿಯಂಥ ದನಿಯಲ್ಲಿ ಕೇಳಿದ.

“ಎಲ್ಲಿ ನಿಲ್ಲುಸ್ತೀಯ್ಲಾ?”

“ಏನ?”

“ಮೋಟ್ರ. ತಿರುವ್ನಲ್ಲಾ?”

ರುದ್ರಸ್ವಾಮಿಗೆ ಸುಳ್ಳು ಬಾಯಿಗೆ ಬರಲಿಲ್ಲ. ತಲೆಯಾಡಿಸಿದ. ಶಿವಮಲ್ಲಪ್ಪ ಕಣ್ಣು ಮುಚ್ಚಿದ್ದ, ಅವನಿಗೆ ಕಾಣಲಿಲ್ಲ, ಆದರೂ ತಿಳಿಯಿತು.

“ನನ್ಗ ಕೇಳ್ತದ ಕಣ್ಲಾ. ಮದ್ಯಾನ ಇಲ್ಲಿ ಕಾಗೆ ರೆಕ್ಕ ಆಡ್ಸುದ್ರೂ ಕೇಳ್ತದ.” ಎಂಜಲು ನುಂಗುವುದಕ್ಕೆ ಪಾಡುಪಟ್ಟು, ಮತ್ತೆ ಹೇಳಿದ. “ತಟತಟ ಅಂತ ಬತ್ತದ. ತಿರುವ್ನಲ್ಲಿ ನಿಂತೋಯ್ತದ. ಅಲ್ಲಿಂದ ನೀನು ಬರಗಂಟ… ಅದು ಬಾಳ ಉದ್ದ ಕಣ್ಲಾ ರುದ್ರ.”

ರುದ್ರಸ್ವಾಮಿ ಪೇಪರಿನ ಮೇಲೆ ಕಣ್ಣು ನೆಟ್ಟು ಕೂತ. ಅಕ್ಷರಗಳು ಇರುವೆಗಳ ಹಾಗೆ ಹರಿದಾಡಿದವು. ತಾನು ಏನೋ ಒಂದು ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು ಮಂಡಿ ಸವೆಸಿದ್ದಷ್ಟೇ ಬಂತು! ಸದ್ದಿಗಿಂತ ಸದ್ದು ನಿಂತದ್ದೇ ಅವನ ಎದೆಯ ಮೇಲೆ ಕೂತಿತ್ತು. ದಿನ ಬಿಟ್ಟು ದಿನ ಈ ಮಂಚದ ಮೇಲೆ ಕೂತು, ಈಗ ಬಂದ, ಈಗ ಬಂದ, ಗೆಳೆಯನಾಗಿ ಬಂದನೋ ಅಯ್ಯನಾಗಿ ಬಂದನೋ ಎಂದು ಅವನು ಕಾದಿದ್ದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದುಕೊಂಡ. ನೀನು ಯಾಕೆ ಹೇಳಲಿಲ್ಲ ಎಂದು ಅವನು ತಿರುಗಿ ಕೇಳಿದರೆ? ಗುರುಲಿಂಗಮ್ಮ ಕಾಫಿ ತಂದಿಟ್ಟಳು. ಗೆಳೆಯನ ಎದುರು ಗಂಟಲಿಂದ ಗುಟುಕು ಇಳಿಸುವುದಕ್ಕೆ ನಾಚಿಕೆಯಾಗಿ, ಕಾಫಿ ಕೆನೆಗಟ್ಟುವ ತನಕ ಹಾಗೇ ಬಿಟ್ಟ. ಹೊರಡುವಾಗ “ನಾಳಿದ್ದು ಬತ್ತೀನಿ ಕಣ್ಲಾ” ಎಂದ. ಮೋಟರು ಬಿಚ್ಚಿಸುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಹೇಳಿದರೆ ನಿನ್ನ ಮಂಡಿ ನಿನ್ನ ಮಂಡಿ ಎಂದು ಬೈಯುತ್ತಾನೆ. ಮೊದಲಿನ ಹಾಗೆ ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತುಬಿಡಬೇಕು, ತಲೆ ಎತ್ತಿದರೆ ತಾನಿರಬೇಕು ಎಂದುಕೊಂಡ. ಅಷ್ಟು ಯೋಚಿಸಿದ ಮೇಲೆ ಮನಸ್ಸು ಹಗುರಾಯಿತು.

ಮಾರನೆಯ ಬೆಳಿಗ್ಗೆ ಹೋಟೆಲಿನವರು ಬೆಂಚು ಹಾಕುವ ಹೊತ್ತಿಗೇ ಶೆಡ್ಡಿನ ಮುಂದೆ ನಿಂತಿದ್ದ. ಮಣಿಕಂಠ ಕಣ್ಣುಜ್ಜಿಕೊಳ್ಳುತ್ತ, “ಯಾಕೆ ಸಾಮಿ, ಏನು ರಿಪೇರಿ?” ಎಂದ. ರಿಪೇರಿಯಲ್ಲ, ಪೂರಾ ತೆಗೆಯಬೇಕು ಎಂದಾಗ, ಚೆನ್ನಾಗಿರುವ ಹಲ್ಲು ಕೀಳಿಸಲು ಬಂದವನನ್ನು ನೋಡುವ ಹಾಗೆ ನೋಡಿದ. ಆದರೂ ಸ್ಪ್ಯಾನರು ತೆಗೆದುಕೊಂಡು ಕೂತ. ಟ್ಯಾಂಕು ಬಂತು. ಸೈಲೆನ್ಸರು ಬಂತು. ಹಿಂಚಕ್ರದ ಬೋಲ್ಟುಗಳು ಒಂದೊಂದಾಗಿ ಬಂದು ಡಬ್ಬಿಯಲ್ಲಿ ಬಿದ್ದವು. ಇಂಜಿನ್ನನ್ನು ಎರಡು ಕೈಯಲ್ಲಿ ಎತ್ತಿ ಗೋಣಿಯ ಮೇಲೆ ಮಲಗಿಸಿದ. ಹಿಡಿಕೆ ಕಚ್ಚಿದ್ದ ಜಾಗದಲ್ಲಿ ಬಣ್ಣ ಎದ್ದು ಹೋಗಿ, ಬಳೆ ಬಿಗಿದ ಮಣಿಕಟ್ಟಿನಂತೆ ಗುರುತು ಉಳಿದಿತ್ತು. ಬಗ್ಗಿಸಿದ ಪೆಡಲು ದಂಡ ಹಾಗೇ ಇತ್ತು. ಅದನ್ನು ನೇರ ಮಾಡಿದರೆ ಮುರಿಯುತ್ತದೆ ಎಂದ ಮಣಿಕಂಠ. ಇರಲಿ ಬಿಡು ಎನ್ನುತ್ತಿದ್ದಾಗ ಜೇಬಿನಲ್ಲಿ ಫೋನು ಅದುರಿತು.

ನಟರಾಜ. “ಅಯ್ನೋರೇ, ಅಪ್ಪಂಗ ಬೆಳಗಿಂದ ಉಸ್ರು ಮ್ಯಾಲ್ ಮ್ಯಾಲ್ಕೇ ಬತ್ತಾ ಅದ. ಅವ್ರೇ ಏಳುದ್ರು, ಅಯ್ನೋರ್ಗೆ ಏಳು ಅಂತ. ಬೇಗ ಬನ್ನಿ.”

ರುದ್ರಸ್ವಾಮಿ ಗೋಣಿಯ ಮೇಲಿನ ಇಂಜಿನ್ನನ್ನು ನೋಡಿದ. ಮಣಿಕಂಠನೂ ನೋಡಿದ. “ತಿರುಗಿ ಹಾಕಕ್ಕೆ ಮಧ್ಯಾಹ್ನ ಆಗೋಗುತ್ತೆ ಸಾಮಿ,” ಎಂದವನು ಆಗಲೇ ತನ್ನ ಬೈಕಿನ ಕೀಲಿ ತೆಗೆದಿದ್ದ. “ಏರಿಕೊಳ್ಳುಂಗ, ಹತ್ತೇ ನಿಮಿಷ, ನಾನು ಬಿಡ್ತೀನಿ.”

“ಬ್ಯಾಡಪ್ಪಾ. ನಾನೋಯ್ತೀನಿ.”

ಮನಸ್ಸು ಯೋಚಿಸುವ ಮುಂಚೆಯೇ ಬಾಯಿ ಹೇಳಿಬಿಟ್ಟಿತ್ತು. ಎಷ್ಟು ವರ್ಷದಿಂದ, ಎಷ್ಟು ಮನೆಯವರು ಗಾಡಿ ತಂದು ನಿಲ್ಲಿಸಿದಾಗ ಹೇಳಿದ ಮಾತು! ಸೈಕಲ್ಲು ಹತ್ತಿ ಬಸ್ ಸ್ಟ್ಯಾಂಡು ದಾಟುವಾಗ, ಈಗಲೂ ತಿರುಗಿ ಹೋಗಬಹುದು ಎನ್ನಿಸಿತು. ಹೋಗಲಿಲ್ಲ. ಪೆಟ್ರೋಲ್ ಬಂಕು ದಾಟಿದಾಗ ಮತ್ತೆ ಅನ್ನಿಸಿತು. ಈಗ ತಿರುಗುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ಮುಂದಕ್ಕೇ ಅಷ್ಟು ಹೋಗಬಹುದಲ್ಲ ಎಂದುಕೊಂಡ. ಪೆಡಲುಗಳು ಹೊರಕ್ಕೆ ಬಗ್ಗಿದ್ದರಿಂದ ಕಾಲು ಅಗಲಿಸಿ ತುಳಿಯಬೇಕಿತ್ತು. ಒಂದೊಂದು ತುಳಿತಕ್ಕೂ ಮಂಡಿಯ ಒಳಗೆ ಮರಳು ಅರೆದ ಹಾಗಾಗುತ್ತಿತ್ತು. ಇಳಿಜಾರಿನಲ್ಲಿ ಎಡಗೈ ತಾನಾಗಿ ಕ್ಲಚ್ಚು ಹುಡುಕಿತು. ಸಿಕ್ಕಿದ್ದು ಬರೀ ಹಿಡಿಕೆ. ಅವರೇ ಹೇಳಿದರು, ಅಯ್ನೋರಿಗೆ ಹೇಳು ಅಂತ. ರುದ್ರನಿಗೆ ಹೇಳು ಅನ್ನಲಿಲ್ಲ, ಅಯ್ನೋರಿಗೆ ಹೇಳು ಅಂದಿದ್ದಾನೆ. ಸಿದ್ಧವಾಗಿಬಿಟ್ಟಿದ್ದಾನೆ, ಹಾಗಾದರೆ. ನಿನ್ನೆ ಅಷ್ಟು ಹೆದರಿದ್ದವನು ಒಂದು ರಾತ್ರಿಯಲ್ಲಿ ಹೇಗೆ ಸಿದ್ಧವಾದ? ಅಥವಾ ನಿನ್ನೆ ಅವನು ಹೇಳಿದ್ದು ಹೆದರಿಕೆಯೇ ಅಲ್ಲವೇನೋ. ಬಾಳ ಉದ್ದ ಎಂದಷ್ಟೇ ಹೇಳಿದ. ಬೇಗ ಬಾ ಎಂದು ಹೇಳಿದನೇ? ತಿರುವಿನಲ್ಲಿ ನಿಲ್ಲಿಸಬೇಡ, ನೇರ ಬಾ ಎಂದು ಹೇಳಿದನೇ? ಅಯ್ಯೋ ಶಿವನೇ, ಅವನು ಹೇಳಿದ್ದನ್ನು ನಾನು ಎತ್ತಲಾಗೋ ಹೊತ್ತುಕೊಂಡು ಹೋದೆನೇ?

ಕೋಸಿನ ಹೊಲಗಳ ನಡುವೆ ಮಂಡಿ ಕೆಲಸ ನಿಲ್ಲಿಸಿತು. ಇಳಿದ. ನಿಲ್ಲಲಾಗದೆ ಸೈಕಲ್ಲಿಗೆ ಒರಗಿದ. ಹಿಂದಿನಿಂದ ಗಾಡಿಯ ಸದ್ದು ಬಂತು, ಕೋಸು ತುಂಬಿದ ಪಿಕಪ್ಪು, ಗೆಟ್ಟವಾಡಿ ಕಡೆಗೇ ಹೋಗುವಂಥದ್ದು. ಆಗ ರುದ್ರಸ್ವಾಮಿಗೆ ಅಪ್ಪನೂ ನೆನಪಾಗಲಿಲ್ಲ, ಕಟ್ಟೂ ನೆನಪಾಗಲಿಲ್ಲ. ರಸ್ತೆಯ ನಡುವಿಗೆ ಬಂದು ಬಲಗೈ ಎತ್ತಿದ. ಗಾಡಿ ನಿಧಾನವಾಯಿತು. ಗಾಜಿನ ಹಿಂದೆ ಡ್ರೈವರು, ಯಾರೋ ಒಕ್ಕಲ ಹುಡುಗ, ಹಣೆಯ ತುಂಬ ವಿಭೂತಿ ಹಚ್ಚಿದ ಅಯ್ನೋರು ಕೈಯೆತ್ತಿ ನಿಂತದ್ದನ್ನು ಕಂಡು, ಸ್ಟೇರಿಂಗು ಬಿಟ್ಟು ಎರಡೂ ಕೈ ಜೋಡಿಸಿ, ಭಕ್ತಿಯಿಂದ ತಲೆಬಾಗಿ, ಪಕ್ಕಕ್ಕೆ ತಿರುಗಿಸಿಕೊಂಡು ಹೊರಟುಹೋದ. ಎತ್ತಿದ ಕೈ ಎತ್ತಿದ ಹಾಗೇ ಇತ್ತು. “ನಿಲ್ಸೋ! ನಿಲ್ಸೋ ಮಾರಾಯ!” ಎಂದು ಕೂಗಿದ. ಒಂದು ಕೋಸು ಗಾಡಿಯಿಂದ ಉರುಳಿ ರಸ್ತೆಗೆ ಬಿತ್ತು. ರುದ್ರಸ್ವಾಮಿ ಅದರ ಪಕ್ಕದಲ್ಲಿ ಸೈಕಲ್ಲು ತಳ್ಳಿಕೊಂಡು ಹೋದ. ಕಣ್ಣೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ತಿರುವು ಬಂತು. ಏರು ಬಂತು. ಗೇಟಿನ ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನು ಕಂಡಾಗಲೇ ತಿಳಿಯಿತು. ಅಂಗಳದಲ್ಲಿದ್ದವರು ಸರಿದು ದಾರಿ ಬಿಟ್ಟರು. ಮಂಗಳಮ್ಮನ ಮನೆಯಲ್ಲಿ ನಕ್ಕ ಹಾಗೆ ಯಾರೂ ನಗಲಿಲ್ಲ. ಪಡಸಾಲೆಯಲ್ಲಿ ಶಿವಮಲ್ಲಪ್ಪನನ್ನು ಆಗಲೇ ಗೋಡೆಗೆ ಒರಗಿಸಿ ಕೂರಿಸಿ, ಮೈ ಬಿಗಿಯುವ ಮುಂಚೆ ಕಾಲು ಮಡಿಸಿ, ಎದೆಗೆ ಪಂಚೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಬಲಗೈಯ ಬೆರಳುಗಳು ಮುಚ್ಚಿದ್ದವು. ಬೆರಳಿನ ಸಂದಿಯಲ್ಲಿ ವೀಳ್ಯದೆಲೆಯ ತುದಿ ಕಾಣುತ್ತಿತ್ತು.

ಗುರುಲಿಂಗಮ್ಮ ಅಳುತ್ತಿರಲಿಲ್ಲ. ಇವನನ್ನು ನೋಡಿ ಎದ್ದು ನಿಂತಳು. ಯಾವ ಆಪಾದನೆಯೂ ಇಲ್ಲದೆ, ನಡೆದದ್ದನ್ನು ಒಪ್ಪಿಸುವವಳ ಹಾಗೆ ಹೇಳಿದಳು.

“ಬೆಳಗಿಂದ ರಸ್ತ ಕಡೀಕೇ ಕಿವಿ ಮಡಿಕ್ಕಂಡಿದ್ರು ಅಯ್ನೋರೇ. ಸಬ್ದ ಬತ್ತಾ, ಸಬ್ದ ಬತ್ತಾ ಅಂತ ಒಂದೇ ಸಮ್ಕ ಕೇಳ್ತಿದ್ರು. ಯಾವ್ದಾರ ಬೈಕು ಓದ್ರ, ಇದಲ್ಲ, ಇದಲ್ಲ ಅನ್ನರು.” ಸೆರಗನ್ನು ಬಾಯಿಗೆ ಒತ್ತಿ ತೆಗೆದಳು. “ಕೊನೀಗ ನಾನೇ ಸುಳ್ಳೇಳ್ಬುಟ್ಟೆ. ಕೇಳ್ತಾ ಅದ, ಬಂದ್ರು, ತಿರುವ್ನಲ್ಲವ್ರ ಅಂತ. ತಿರುವ್ನಲ್ಲಿ ಯಾಕ್ ನಿಂತವ್ನ, ಬರಾಕೇಳು ಅಂದ್ರು. ಅದೇ ಕೊನೆ ಮಾತು.”

ರುದ್ರಸ್ವಾಮಿ ಬಾಯಿ ತೆರೆದ. ಮೋಟರು ಬಿಚ್ಚಿಸಿದೆ ತಾಯಿ, ಅವನಿಗೋಸ್ಕರ ಬಿಚ್ಚಿಸಿದೆ ಎಂದು ಹೇಳಬೇಕಿತ್ತು. ಈಗ ಅದನ್ನು ಹೇಳಿ ಯಾರ ಹೆಗಲಿಗೆ ಹೊರಿಸುವುದು? ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಅಂಗಳದ ಹಿರಿಯರು ಒಳಗೆ ಬಂದು ಸಾಲಾಗಿ ನಿಂತಿದ್ದರು. ಉಸಿರು ನಿಂತ ಮೇಲೆ ಅಯ್ಯನ ಕೆಲಸ ಒಂದೇ: ಬಲಪಾದವನ್ನು ಸತ್ತವನ ತಲೆಯ ಮೇಲಿಟ್ಟು ಮಂತ್ರ ಹೇಳಬೇಕು, ಆಮೇಲೆ ಆ ಪಾದಕ್ಕೆ ಮನೆಯವರು ನೀರೆರೆಯಬೇಕು. ನಟರಾಜ ತಂಬಿಗೆ ಹಿಡಿದು ನಿಂತಿದ್ದ.

ಗೆಳೆಯನ ಎದುರು ನಿಂತು ರುದ್ರಸ್ವಾಮಿ ಕಾಲು ಎತ್ತಿದ. ಎಡ ಮಂಡಿ ಮೈಭಾರ ತಡೆಯಲಿಲ್ಲ, ಬಲಗಾಲು ಅರ್ಧಕ್ಕೆ ಬಂದು ಇಳಿಯಿತು. ಮತ್ತೆ ಎತ್ತಿದ. ಹೆಬ್ಬೆರಳು ಶಿವಮಲ್ಲಪ್ಪನ ಎದೆಗೆ ತಾಗಿ ಜಾರಿತು. ಯಾರೋ ಅಯ್ಯೋ ಎಂದರು. ನಟರಾಜ ತಂಬಿಗೆಯನ್ನು ಕೆಳಗಿಟ್ಟು, ಒಂದು ಕೈಯಿಂದ ಅವನ ಸೊಂಟ ಹಿಡಿದು, ಇನ್ನೊಂದು ಕೈಯನ್ನು ಹಿಮ್ಮಡಿಗೆ ಕೊಟ್ಟು, ಮಗುವಿನ ಕಾಲನ್ನು ಎತ್ತುವ ಹಾಗೆ ಎತ್ತಿ ತನ್ನ ಅಪ್ಪನ ತಲೆಯ ಮೇಲಿಟ್ಟ.

ತಲೆ ಇನ್ನೂ ಬೆಚ್ಚಗಿತ್ತು. ಅಂಗಾಲಿನಿಂದ ಆ ಬಿಸಿ ಮೇಲಕ್ಕೆ ಹತ್ತಿತು. ಇಷ್ಟೇ ಇಷ್ಟು ಮುಂಚೆ ಬಂದಿದ್ದರೆ. ಪಡಸಾಲೆಯಲ್ಲಿ ಎಲ್ಲರೂ ಮಂತ್ರಕ್ಕೆ ಕಾದಿದ್ದರು. ಸಾವಿರ ಸಲ ಹೇಳಿದ ಮಂತ್ರ, ನಿದ್ದೆಯಲ್ಲಿ ಕೇಳಿದರೂ ಬರುವಂಥದ್ದು, ಬರಲಿಲ್ಲ. “ಮಂತ್ರ ಏಳಿ ಅಯ್ನೋರೇ,” ಎಂದು ನಟರಾಜ ಕಿವಿಯ ಹತ್ತಿರ ಪಿಸುಗುಟ್ಟಿದ. ರುದ್ರಸ್ವಾಮಿ ಬಾಯಿ ತೆರೆದ. ಅಷ್ಟು ಜನರ ಎದುರು ಹೊರಬಂದದ್ದು ಒಂದೇ ಮಾತು.

“ಬಂದೆ ಕಣ್ಲಾ, ಮಲ್ಲ.”